ಕೊಬ್ಬಿನ ಕೋಶ ಎಣ್ಣೆಯ ಮಾತು ಕೇಳುವುದು ಹೇಗೆ?

ಸೂರ್ಯಕಾಂತಿ ಎಣ್ಣೆ ಈಗ ಆರೋಪಿಯ ಕಟಕಟೆಯಲ್ಲಿದೆ. ಹೃದಯಕ್ಕೆ ಹಿತ ಎಂಬ ಜಾಹೀರಾತಿನ ಬಲದಿಂದ ಕಡಲೆಕಾಯಿ ಎಣ್ಣೆಯನ್ನು ಹಿಂದಕ್ಕೆ ತಳ್ಳಿ ನಮ್ಮ ಅಡುಗೆಮನೆ ಹೊಕ್ಕ ಇದೇ ಎಣ್ಣೆಯನ್ನು ಇಂದು ಮೊಬೈಲ್‌ಗೆ ಬರುವ ವಿಡಿಯೊಗಳು ನಿಧಾನ ವಿಷ ಎನ್ನುತ್ತಿವೆ. ಅಮೆರಿಕದ ಆರೋಗ್ಯ ಕಾರ್ಯದರ್ಶಿ ರಾಬರ್ಟ್ ಎಫ್. ಕೆನಡಿ ಜೂನಿಯರ್ ಬೀಜದೆಣ್ಣೆಗಳನ್ನು ಬಹಿರಂಗವಾಗಿ ಹಳಿದು, ದನದ ಕೊಬ್ಬಿನಲ್ಲಿ ಕರಿಯುವುದನ್ನು ಹೊಗಳಿದ ಮೇಲೆ ಈ ಕೂಗು ಇನ್ನೂ ಜೋರಾಗಿದೆ. ಬೆಂಗಳೂರಿನ ಬಡಾವಣೆಗಳಲ್ಲಿ ಗಾಣದ ಎಣ್ಣೆಯ ಅಂಗಡಿಗಳು ಸಾಲುಗಟ್ಟಿವೆ. 2025ರ ಫೆಬ್ರುವರಿಯಲ್ಲಿ ಪ್ರಧಾನಿಯವರು ತಮ್ಮ ರೇಡಿಯೊ ಭಾಷಣದಲ್ಲಿ ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಮಾಡಿ ಎಂದು ಕೇಳಿಕೊಂಡರು. ಈ ಗದ್ದಲದಲ್ಲಿ ಎರಡೂ ಬಣಗಳು ಹಿಡಿದಿರುವ ಹೊಸ ಅಸ್ತ್ರವೆಂದರೆ ಜೀನ್. ‘ಈ ಎಣ್ಣೆ ನಿಮ್ಮ ಕೊಬ್ಬಿನ ಜೀನ್‌ಗಳನ್ನು ಎಚ್ಚರಿಸುತ್ತದೆ’ ಎಂದು ಒಬ್ಬರು ಹೆದರಿಸಿದರೆ, ‘ಒಮೆಗಾ-3 ಕೊಬ್ಬು ಕರಗಿಸುವ ಜೀನ್‌ಗಳನ್ನು ಚಾಲೂ ಮಾಡುತ್ತದೆ’ ಎಂದು ಇನ್ನೊಬ್ಬರು ಮಾತ್ರೆ ಮಾರುತ್ತಾರೆ.

ಇಬ್ಬರ ಮಾತಿನಲ್ಲೂ ಒಂದಿಷ್ಟು ನಿಜವಿದೆ. ತೊಂದರೆ ಏನೆಂದರೆ, ಜೀನ್‌ನ ಚಟುವಟಿಕೆ ಬದಲಾಯಿತು ಎಂಬ ಒಂದೇ ಸಂಗತಿಯಿಂದ ಒಳಿತು ಕೆಡುಕಿನ ತೀರ್ಪು ಕೊಡಲು ಬರುವುದಿಲ್ಲ. ಒಂದು ಲೋಟ ಪಾನಕ ಕುಡಿದರೂ ನೂರಾರು ಜೀನ್‌ಗಳ ಚಟುವಟಿಕೆ ಏರಿಳಿಯುತ್ತದೆ. ಕೇಳಬೇಕಾದದ್ದು ಬೇರೆ: ಯಾವ ಕೋಶದಲ್ಲಿ, ಯಾವ ಜೀನ್, ಎಷ್ಟರ ಮಟ್ಟಿಗೆ, ಅದರಿಂದ ದೇಹಕ್ಕೆ ಆದದ್ದೇನು?

ಮೊದಲು ಈ ಕೊಬ್ಬಿನ ಪರಿಚಯ. ಕೊಬ್ಬಿನಾಮ್ಲವೆಂದರೆ ಇಂಗಾಲದ ಉದ್ದನೆಯ ಸರಪಳಿ. ಅದರಲ್ಲಿ ಜೋಡಿಬಂಧ ಇಲ್ಲದಿದ್ದರೆ ಪರ್ಯಾಪ್ತ, ಒಂದಿದ್ದರೆ ಏಕ ಅಪರ್ಯಾಪ್ತ, ಒಂದಕ್ಕಿಂತ ಹೆಚ್ಚಿದ್ದರೆ ಬಹು ಅಪರ್ಯಾಪ್ತ. ತುಪ್ಪ ಮತ್ತು ತೆಂಗಿನೆಣ್ಣೆಯಲ್ಲಿ ಮೊದಲನೆಯದು ಹೆಚ್ಚು, ಕಡಲೆಕಾಯಿ ಎಣ್ಣೆಯಲ್ಲಿ ಎರಡನೆಯದು, ಸೂರ್ಯಕಾಂತಿ ಮತ್ತು ಕುಸುಬೆಯಲ್ಲಿ ಮೂರನೆಯದು. ಬಹು ಅಪರ್ಯಾಪ್ತದಲ್ಲಿ ಮತ್ತೆ ಎರಡು ಮನೆತನ. ಲಿನೋಲಿಯಿಕ್ ಆಮ್ಲದಿಂದ ಶುರುವಾಗುವ ಒಮೆಗಾ-6 ಒಂದು, ಅಗಸೆಯ ಆಲ್ಫಾ-ಲಿನೋಲೆನಿಕ್ ಆಮ್ಲ ಹಾಗೂ ಮೀನಿನ ಇಪಿಎ, ಡಿಎಚ್‌ಎಗಳ ಒಮೆಗಾ-3 ಇನ್ನೊಂದು. ಈ ಎರಡನ್ನೂ ನಮ್ಮ ದೇಹ ಮೂಲದಿಂದ ತಯಾರಿಸಲಾರದು. 1929ರಲ್ಲಿ ಅಮೆರಿಕದ ಮಿನ್ನೆಸೊಟಾದಲ್ಲಿ ಜಾರ್ಜ್ ಮತ್ತು ಮಿಲ್‌ಡ್ರೆಡ್ ಬರ್ ದಂಪತಿ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟು ನೋಡಿದರು. ಇಲಿಗಳ ಬಾಲ ಹೊಪ್ಪಳಿಕೆ ಎದ್ದಿತು, ಬೆಳವಣಿಗೆ ನಿಂತಿತು. ಲಿನೋಲಿಯಿಕ್ ಆಮ್ಲ ಕೊಟ್ಟೊಡನೆ ಚೇತರಿಸಿಕೊಂಡವು. ಇಂದು ವಿಷವೆಂದು ಕರೆಸಿಕೊಳ್ಳುತ್ತಿರುವ ವಸ್ತು ಅತ್ಯಗತ್ಯ ಪೋಷಕಾಂಶಗಳ ಪಟ್ಟಿಗೆ ಸೇರಿದ್ದು ಹೀಗೆ.

ಅಲ್ಲಿಂದ ಬಹುಕಾಲ ಕೊಬ್ಬನ್ನು ಇಂಧನ ಮತ್ತು ಕೋಶದ ಪೊರೆಯ ಕಚ್ಚಾವಸ್ತು ಎಂದಷ್ಟೇ ಕಂಡರು. 1990ರ ದಶಕದಲ್ಲಿ ಆ ನೋಟ ಬದಲಾಯಿತು. 1990ರಲ್ಲಿ ಇಂಗ್ಲೆಂಡಿನ ಇಬ್ಬರು ಸಂಶೋಧಕರು ಇಲಿಯ ಯಕೃತ್ತಿನಲ್ಲಿ ಒಂದು ವಿಚಿತ್ರ ಗ್ರಾಹಿಯನ್ನು, ಅಂದರೆ ರಾಸಾಯನಿಕ ಸಂಕೇತವನ್ನು ಹಿಡಿದುಕೊಳ್ಳುವ ಪ್ರೋಟೀನನ್ನು, ಪತ್ತೆ ಮಾಡಿದರು. ಅದರ ಬಂಧುಗಳಲ್ಲೊಂದಾದ ಪಿಪಾರ್-ಗ್ಯಾಮಾ ಕೊಬ್ಬಿನ ಕೋಶದಲ್ಲಿ ಹೇರಳವಾಗಿದೆ ಎಂಬುದು ನಂತರ ಗೊತ್ತಾಯಿತು. 1994ರಲ್ಲಿ ಬಾಸ್ಟನ್‌ನ ಬ್ರೂಸ್ ಸ್ಪೀಗಲ್‌ಮನ್ ಅವರ ಪ್ರಯೋಗಾಲಯ ಇದನ್ನು ಸಾಮಾನ್ಯ ಸಂಯೋಜಕ ಅಂಗಾಂಶದ ಕೋಶಗಳಿಗೆ ಸೇರಿಸಿತು. ಆ ಕೋಶಗಳು ಒಳಗೆ ಕೊಬ್ಬಿನ ಹನಿ ತುಂಬಿಕೊಂಡು ಕೊಬ್ಬಿನ ಕೋಶಗಳಾಗಿ ಮಾರ್ಪಟ್ಟವು. ಇಡೀ ಕೋಶದ ಕಸುಬನ್ನೇ ಬದಲಿಸಬಲ್ಲ ಒಂದೇ ಒಂದು ಪ್ರೋಟೀನ್! ಮೂರು ವರ್ಷಗಳ ಬಳಿಕ, 1997ರಲ್ಲಿ, ಈ ಗ್ರಾಹಿಗೆ ಬಂದು ಅಂಟಿಕೊಳ್ಳುವ ವಸ್ತುಗಳ ಸಾಲಿನಲ್ಲಿ ಬಹು ಅಪರ್ಯಾಪ್ತ ಕೊಬ್ಬಿನಾಮ್ಲಗಳೂ ಇವೆ ಎಂಬುದಕ್ಕೆ ನೇರ ಪುರಾವೆ ಸಿಕ್ಕಿತು.

ಇದು ನಡೆಯುವ ಬಗೆ ಹೀಗಿದೆ. ರಕ್ತದಿಂದ ಕೋಶದೊಳಕ್ಕೆ ಬಂದ ಕೊಬ್ಬಿನಾಮ್ಲವನ್ನು ಸಣ್ಣ ಸಾಗಣೆ ಪ್ರೋಟೀನೊಂದು ಕೋಶಕೇಂದ್ರದವರೆಗೆ ಒಯ್ಯುತ್ತದೆ. ಅಲ್ಲಿ ಪಿಪಾರ್-ಗ್ಯಾಮಾ, ತನ್ನ ಜೊತೆಗಾರನಾದ ಆರ್‌ಎಕ್ಸ್‌ಆರ್ ಎಂಬ ಇನ್ನೊಂದು ಗ್ರಾಹಿಯೊಂದಿಗೆ ಜೋಡಿಯಾಗಿ, ಡಿಎನ್‌ಎಯ ನಿರ್ದಿಷ್ಟ ಜಾಗಗಳಲ್ಲಿ ಕುಳಿತಿರುತ್ತದೆ. ಕೊಬ್ಬಿನಾಮ್ಲ ಅದರ ಪೊಳ್ಳಿನೊಳಗೆ ಸೇರಿದಾಗ ಗ್ರಾಹಿಯ ಆಕಾರ ತುಸು ಬದಲಾಗುತ್ತದೆ. ಜೀನ್‌ನ ಬಾಯಿ ಮುಚ್ಚಿಸುತ್ತಿದ್ದ ಪ್ರೋಟೀನ್‌ಗಳು ಕಳಚಿಕೊಳ್ಳುತ್ತವೆ, ಓದಿಸುವ ಪ್ರೋಟೀನ್‌ಗಳು ಬಂದು ಕೂರುತ್ತವೆ. ಆಗ ರಕ್ತದ ಕೊಬ್ಬನ್ನು ಒಡೆದು ಒಳಗೆಳೆಯುವ ಕಿಣ್ವ, ಕೊಬ್ಬಿನ ಹನಿಯನ್ನು ಹೊದಿಸುವ ಪ್ರೋಟೀನ್, ಇನ್ಸುಲಿನ್ನಿಗೆ ನೆರವಾಗುವ ಅಡಿಪೊನೆಕ್ಟಿನ್ ಹಾರ್ಮೋನು, ಇವುಗಳ ಜೀನ್‌ಗಳು ಹೆಚ್ಚು ಚುರುಕಾಗುತ್ತವೆ. ಒಂದು ಮಾತು ಇಲ್ಲಿ ಸ್ಪಷ್ಟವಾಗಬೇಕು. ಜೀನ್‌ನ ಅಕ್ಷರಗಳು ಬದಲಾಗುವುದಿಲ್ಲ. ಅದನ್ನು ಎಷ್ಟು ಬಾರಿ ಓದಲಾಗುತ್ತದೆ ಎಂಬುದು ಮಾತ್ರ ಬದಲಾಗುತ್ತದೆ.

ಹಾಗಾದರೆ ಸೂರ್ಯಕಾಂತಿ ಎಣ್ಣೆ ಕೊಬ್ಬು ತಯಾರಿಸುವ ಗುಂಡಿ ಒತ್ತುತ್ತದೆ, ಆದ್ದರಿಂದ ಅದು ಕೆಟ್ಟದ್ದು. ವಿಡಿಯೊಗಳ ತರ್ಕ ಇಲ್ಲಿಗೆ ನಿಲ್ಲುತ್ತದೆ. ನಿಜವಾದ ಕುತೂಹಲ ಶುರುವಾಗುವುದು ಇಲ್ಲಿಂದಲೇ.

1995ರಲ್ಲಿ ಒಂದು ಅಚ್ಚರಿಯ ಸಂಗತಿ ಹೊರಬಿತ್ತು. ಗ್ಲಿಟಜೋನ್ ಗುಂಪಿನ ಸಕ್ಕರೆ ಕಾಯಿಲೆಯ ಔಷಧಗಳು ಕೆಲಸ ಮಾಡುವುದು ಇದೇ ಪಿಪಾರ್-ಗ್ಯಾಮಾದ ಮೂಲಕ. ಭಾರತದಲ್ಲಿ ಲಕ್ಷಾಂತರ ಮಂದಿ ನುಂಗುವ ಪಯೊಗ್ಲಿಟಜೋನ್ ಈ ಗುಂಪಿನದೇ. ಅದು ಕೊಬ್ಬಿನ ಕೋಶಗಳನ್ನು ಹೆಚ್ಚಿಸುತ್ತದೆ, ತೂಕವನ್ನು ಕೆಲವು ಕಿಲೊ ಏರಿಸುತ್ತದೆ, ಆದರೂ ರಕ್ತದ ಸಕ್ಕರೆಯನ್ನು ಇಳಿಸುತ್ತದೆ! ಇದರ ಇನ್ನೊಂದು ಮಗ್ಗುಲನ್ನು ಕೇಂಬ್ರಿಜ್‌ನ ವೈದ್ಯರು 1999ರಲ್ಲಿ ಕಂಡರು. ಪಿಪಾರ್-ಗ್ಯಾಮಾ ಜೀನ್‌ನಲ್ಲೇ ದೋಷವಿದ್ದ ರೋಗಿಗಳಿಗೆ ತೀವ್ರ ಇನ್ಸುಲಿನ್ ಪ್ರತಿರೋಧ, ಎಳೆಯ ವಯಸ್ಸಿನಲ್ಲೇ ಮಧುಮೇಹ, ರಕ್ತದೊತ್ತಡ ಇದ್ದವು. ಕೊಬ್ಬು ತಯಾರಿಸುವ ಜೀನ್ ಕೈಕೊಟ್ಟರೆ ಮನುಷ್ಯ ತೆಳ್ಳಗೆ ಆರೋಗ್ಯವಾಗಿರುವುದಿಲ್ಲ. ಕಾಯಿಲೆ ಬೀಳುತ್ತಾನೆ.

ಕಾರಣ ಸರಳ. ಚರ್ಮದಡಿಯ ಕೊಬ್ಬು ದೇಹದ ಕಣಜ. ಕಣಜ ಸರಿಯಾಗಿದ್ದರೆ ಹೆಚ್ಚುವರಿ ಧಾನ್ಯ ಅದರೊಳಗೆ ಭದ್ರ. ಕಣಜ ಚಿಕ್ಕದಾದರೆ ಧಾನ್ಯ ನಡುಮನೆಯಲ್ಲಿ ಚೆಲ್ಲುತ್ತದೆ. ಹಾಗೆ ಉಕ್ಕಿದ ಕೊಬ್ಬು ಯಕೃತ್ತು, ಸ್ನಾಯು, ಮೇದೋಜೀರಕಗಳಲ್ಲಿ ಸೇರಿಕೊಂಡು ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ. ನಮ್ಮವರಿಗೆ ಇದು ದೂರದ ಸಿದ್ಧಾಂತವಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಇಬ್ಬರೂ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಪ್ರಕಟಿಸಿದ್ದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನೋಡಲು ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಹೊತ್ತು ತಿರುಗುವ ಭಾರತೀಯ ದೇಹದ ಬಗ್ಗೆ ಇಷ್ಟು ಚುಟುಕಾಗಿ ಹೇಳಿದ ಲೇಖನ ಇನ್ನೊಂದಿಲ್ಲ. ಕೊಬ್ಬಿನ ಕೋಶದ ಜೀನ್ ಚುರುಕಾಯಿತು ಎಂಬ ಸುದ್ದಿ ಕಿವಿಗೆ ಬಿದ್ದಾಗ ಇಂಥವರು ಹೆದರಬೇಕೋ ಸಮಾಧಾನಪಡಬೇಕೋ? ಚರ್ಮದಡಿಯ ಕೋಶಗಳಲ್ಲಿ ಚುರುಕಾದರೆ ಸಮಾಧಾನಕ್ಕೇ ಹೆಚ್ಚು ಕಾರಣವಿದೆ.

ಎಣ್ಣೆಯನ್ನು ಔಷಧಕ್ಕೆ ಸಮ ಎಂದು ಎಣಿಸುವುದೂ ತಪ್ಪು. ಅದೇ ಗ್ಲಿಟಜೋನ್ ಗುಂಪಿನ ರೋಸಿಗ್ಲಿಟಜೋನ್‌ನಂಥ ಮಾತ್ರೆ ಪಿಪಾರ್-ಗ್ಯಾಮಾಕ್ಕೆ ಅಂಟಿಕೊಳ್ಳುವ ಬಿಗಿತದ ಮುಂದೆ ಕೊಬ್ಬಿನಾಮ್ಲದ್ದು ಬಲು ಸಡಿಲ ಹಿಡಿತ. ಅದೇ ಪರಿಣಾಮಕ್ಕೆ ನೂರಾರು ಪಟ್ಟು ಹೆಚ್ಚು ಸಾಂದ್ರತೆ ಬೇಕು. (ಆ ಬಿಗಿ ಹಿಡಿತಕ್ಕೆ ಬೆಲೆಯೂ ಇತ್ತು. ಹೃದಯಾಘಾತದ ಆತಂಕದಿಂದ ರೋಸಿಗ್ಲಿಟಜೋನ್ ಅನ್ನು ಭಾರತ 2010ರಲ್ಲಿ ನಿಷೇಧಿಸಿತು. 2013ರಲ್ಲಿ ಪಯೊಗ್ಲಿಟಜೋನ್ ಮೇಲೂ ತಡೆ ಬಿದ್ದು, ವೈದ್ಯರ ಪ್ರತಿಭಟನೆಯ ನಂತರ ಕೆಲವೇ ವಾರಗಳಲ್ಲಿ ತೆರವಾಯಿತು.)

ಪಿಪಾರ್-ಗ್ಯಾಮಾ ಒಂದೇ ದಾರಿ ಎಂದುಕೊಳ್ಳಬಾರದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಎನ್‌ಟಾಂಬಿ ಅವರ ತಂಡ 1996ರಲ್ಲಿ ಪ್ರಕಟಿಸಿದ ಕೆಲಸ ನನಗೆ ತುಂಬ ಇಷ್ಟ. ಪರ್ಯಾಪ್ತ ಕೊಬ್ಬನ್ನು ಏಕ ಅಪರ್ಯಾಪ್ತವಾಗಿಸುವ ಎಸ್‌ಸಿಡಿ-1 ಎಂಬ ಕಿಣ್ವದ ಉತ್ಪಾದನೆ, ಇಲಿಯ ಕೊಬ್ಬಿನ ಕೋಶಗಳಿಗೆ ಬಹು ಅಪರ್ಯಾಪ್ತ ಕೊಬ್ಬಿನಾಮ್ಲ ಉಣಿಸಿದಾಗ ಕುಸಿಯಿತು. ಜೀನ್ ಓದುವುದು ನಿಂತಿರಬೇಕು ಎಂದು ಯಾರಾದರೂ ಊಹಿಸುತ್ತಿದ್ದರು. ಹಾಗಾಗಿರಲಿಲ್ಲ. ಓದಿ ಬರೆದುಕೊಂಡ ಸಂದೇಶವಾಹಕ ಆರ್‌ಎನ್‌ಎ ಬೇಗ ಬೇಗ ನಾಶವಾಗುತ್ತಿತ್ತು. ಅಂದರೆ ಕೊಬ್ಬು ಜೀನ್‌ನ ಬಾಗಿಲಲ್ಲೂ ತಡೆಯಬಲ್ಲದು, ಬಾಗಿಲು ದಾಟಿ ಬಂದ ಓಲೆಯನ್ನೂ ಹರಿಯಬಲ್ಲದು. ಯಕೃತ್ತಿನಲ್ಲಿ ಇದೇ ಕೊಬ್ಬಿನಾಮ್ಲಗಳು ಎಸ್‌ಆರ್‌ಇಬಿಪಿ-1 ಎಂಬ ನಿಯಂತ್ರಕವನ್ನು ಅದುಮಿ, ಸಕ್ಕರೆಯಿಂದ ಹೊಸ ಕೊಬ್ಬು ತಯಾರಾಗುವುದನ್ನು ತಗ್ಗಿಸುತ್ತವೆ. ಕೊಬ್ಬಿನ ಕೋಶದಲ್ಲಿ ಆ ಪರಿಣಾಮ ಅಷ್ಟು ಪ್ರಬಲವಲ್ಲ. ಯಕೃತ್ತಿನ ಫಲಿತಾಂಶವನ್ನು ಕೊಬ್ಬಿನ ಕೋಶದ ತಲೆಗೆ ಕಟ್ಟುವುದು ಜನಪ್ರಿಯ ಲೇಖನಗಳಲ್ಲಿ ಪದೇ ಪದೇ ನಡೆಯುವ ಎಡವಟ್ಟು.

ಕೋಶದ ಹೊರಮೈಯಲ್ಲೂ ಒಂದು ಕಾವಲುಗಾರ ಉಂಟು. ಜಿಪಿಆರ್-120 ಎಂಬ ಈ ಗ್ರಾಹಿ ಉದ್ದ ಸರಪಳಿಯ ಕೊಬ್ಬಿನಾಮ್ಲಗಳನ್ನು, ವಿಶೇಷವಾಗಿ ಮೀನಿನ ಒಮೆಗಾ-3 ಅನ್ನು, ಗುರುತಿಸುತ್ತದೆ. ಅದು ಉರಿಯೂತದ ಜೀನ್‌ಗಳನ್ನು ತಣಿಸುತ್ತದೆ ಎಂದು 2010ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಲ್ಡ್ ಒಲೆಫ್‌ಸ್ಕಿ ತಂಡ ತೋರಿಸಿತು. 2012ರಲ್ಲಿ ಜಪಾನೀಯರ ನೇತೃತ್ವದ ತಂಡವೊಂದು, ಈ ಗ್ರಾಹಿ ಇಲ್ಲದ ಇಲಿಗಳು ಕೊಬ್ಬಿನ ಊಟ ಉಂಡಾಗ ಬೊಜ್ಜು ಬೆಳೆಸಿಕೊಂಡು ಯಕೃತ್ತನ್ನೂ ಕೆಡಿಸಿಕೊಂಡವು ಎಂದು ವರದಿ ಮಾಡಿತು. ಪ್ರಾಗ್‌ನ ಪ್ರಯೋಗಗಳಲ್ಲಿ ಇಪಿಎ, ಡಿಎಚ್‌ಎ ತಿಂದ ಇಲಿಗಳ ಹೊಟ್ಟೆಯ ಕೊಬ್ಬಿನಲ್ಲಿ, ಕೋಶದ ಶಕ್ತಿ ಕೇಂದ್ರಗಳಾದ ಮೈಟೊಕಾಂಡ್ರಿಯಗಳನ್ನು ಹೆಚ್ಚಿಸುವ ಜೀನ್‌ಗಳು ಎದ್ದವು. ಕ್ಯೋಟೊದಲ್ಲಿ ಮೀನೆಣ್ಣೆ ತಿಂದ ಇಲಿಗಳಲ್ಲಿ, ಶಕ್ತಿಯನ್ನು ಶಾಖವಾಗಿ ಸುಡುವ ಯುಸಿಪಿ-1 ಪ್ರೋಟೀನ್ ಹೆಚ್ಚಿತು. ಕೊಬ್ಬು ಕರಗಿಸುವ ಮಾತ್ರೆಗಳ ಜಾಹೀರಾತು ಹುಟ್ಟುವುದು ಈ ಇಲಿಗಳ ಬೆನ್ನ ಮೇಲೆ. ಆದರೆ ಇಲಿಯಲ್ಲಿ ಹೊಟ್ಟೆಯ ಕೊಬ್ಬೆಂದು ತೆಗೆದು ನೋಡುವುದು ಬಹುಪಾಲು ವೃಷಣದ ಪಕ್ಕದ ಕೊಬ್ಬನ್ನು. ಮನುಷ್ಯನಿಗೆ ಅಂಥ ಕೊಬ್ಬಿನ ಗಂಟೇ ಇಲ್ಲ. ಮನುಷ್ಯರ ಪರೀಕ್ಷೆಗಳಲ್ಲಿ ಮೀನೆಣ್ಣೆ ತೂಕ ಇಳಿಸುವ ವಿಷಯದಲ್ಲಿ ಹೇಳಿಕೊಳ್ಳುವಂಥದ್ದೇನೂ ಸಾಧಿಸಿಲ್ಲ.

ಬೀಜದೆಣ್ಣೆಯ ವಿರೋಧಿಗಳು ಮುಂದಿಡುವ ಗಟ್ಟಿ ವಾದ ಅರಾಕಿಡಾನಿಕ್ ಆಮ್ಲದ್ದು. ಲಿನೋಲಿಯಿಕ್ ಆಮ್ಲ ದೇಹದಲ್ಲಿ ಅರಾಕಿಡಾನಿಕ್ ಆಮ್ಲವಾಗುತ್ತದೆ, ಅದರಿಂದ ಪ್ರೊಸ್ಟಾಸೈಕ್ಲಿನ್‌ನಂಥ ವಸ್ತುಗಳು ಹುಟ್ಟುತ್ತವೆ, ಅವು ಎಳೆಯ ಕೋಶಗಳನ್ನು ಕೊಬ್ಬಿನ ಕೋಶಗಳಾಗಲು ದೂಡುತ್ತವೆ. ಫ್ರಾನ್ಸಿನ ನೀಸ್‌ನಲ್ಲಿ ಜೆರಾರ್ ಅಯ್ಲೊ ಅವರ ಪ್ರಯೋಗಾಲಯ ದಶಕಗಳ ಕಾಲ ಕೋಶಗಳಲ್ಲಿ, ಇಲಿಗಳಲ್ಲಿ ಇದನ್ನು ಶ್ರದ್ಧೆಯಿಂದ ತೋರಿಸಿಕೊಟ್ಟಿದೆ. ಹಗುರವಾಗಿ ತಳ್ಳಿಹಾಕುವ ಕೆಲಸವಲ್ಲ ಅದು. ಆದರೆ ಮನುಷ್ಯರಲ್ಲಿ ಸರಪಳಿಯ ಮೊದಲ ಕೊಂಡಿಯೇ ಸಡಿಲ. ಆಹಾರದ ಲಿನೋಲಿಯಿಕ್ ಆಮ್ಲವನ್ನು ಆರು ಪಟ್ಟಿನವರೆಗೆ ಹೆಚ್ಚಿಸಿದರೂ ರಕ್ತದ ಅರಾಕಿಡಾನಿಕ್ ಆಮ್ಲದ ಮಟ್ಟ ಗಮನಾರ್ಹವಾಗಿ ಏರಲಿಲ್ಲ ಎಂದು 2011ರ ಪರಾಮರ್ಶೆಯೊಂದು ಹೇಳಿತು. ಮರುವರ್ಷ ಆರೋಗ್ಯವಂತರ ಮೇಲಿನ 15 ಪರೀಕ್ಷೆಗಳನ್ನು ಒಟ್ಟಿಗಿಟ್ಟು ನೋಡಿದ ಇನ್ನೊಂದು ಪರಾಮರ್ಶೆಗೆ, ಲಿನೋಲಿಯಿಕ್ ಆಮ್ಲದಿಂದ ಉರಿಯೂತದ ಸೂಚಕಗಳು ಏರುತ್ತವೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಇತ್ತ 2025ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಮುಂದೆ ಕೊಬ್ಬಿನ ಕೋಶಗಳಾಗುವ ಎಳೆಯ ಕೋಶಗಳ ಸಂಖ್ಯೆ ಹೆಚ್ಚುವಂತೆ ಮಾಡಿದ್ದು ಓಲಿಯಿಕ್ ಆಮ್ಲ. ಆಲಿವ್ ಎಣ್ಣೆಯಲ್ಲೂ ನಮ್ಮ ಕಡಲೆಕಾಯಿ ಎಣ್ಣೆಯಲ್ಲೂ ತುಂಬಿರುವುದು ಅದೇ. ಒಂದೊಂದು ಇಲಿ ಪ್ರಯೋಗಕ್ಕೂ ಒಂದೊಂದು ಎಣ್ಣೆ ಬಿಡುತ್ತ ಹೋದರೆ ಕೊನೆಗೆ ಒಗ್ಗರಣೆಗೆ ನೀರೇ ಗತಿ.

ಮನುಷ್ಯರ ಕೊಬ್ಬಿನ ಚೂರನ್ನೇ ತೆಗೆದು ನೋಡಿದ ಪ್ರಯೋಗಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಸ್ವೀಡನ್ನಿನ ಉಪ್ಸಲಾದ ಉಲ್ಫ್ ರಿಸೇರಸ್ ತಂಡದ್ದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಚೊಕ್ಕ. ಸಾಮಾನ್ಯ ತೂಕದ 39 ಯುವಜನರಿಗೆ ಏಳು ವಾರ ಮಾಮೂಲಿ ಊಟದ ಮೇಲೆ ಮಫಿನ್ ತಿನ್ನಿಸಿದರು. ಒಂದು ಗುಂಪಿನ ಮಫಿನ್ ಪರ್ಯಾಪ್ತ ಕೊಬ್ಬು ಹೆಚ್ಚಿರುವ ತಾಳೆ ಎಣ್ಣೆಯದು, ಇನ್ನೊಂದರದು ಸೂರ್ಯಕಾಂತಿ ಎಣ್ಣೆಯದು. ಯಾರಿಗೆ ಯಾವುದೆಂದು ತಿಂದವರಿಗೆ ಗೊತ್ತಿಲ್ಲ. 2014ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನವರು ಸರಾಸರಿ 1.6 ಕಿಲೊ ದಪ್ಪಗಾದರು, ಈ ವಿಷಯದಲ್ಲಿ ಎಣ್ಣೆಗಳು ಪಕ್ಷಪಾತ ತೋರಲಿಲ್ಲ. ಆದರೆ ತಾಳೆ ಎಣ್ಣೆ ತಿಂದವರ ಯಕೃತ್ತಿನಲ್ಲೂ ಹೊಟ್ಟೆಯೊಳಗೂ ಕೊಬ್ಬು ಎದ್ದು ಕಾಣುವಷ್ಟು ಹೆಚ್ಚಿತು. ಸೂರ್ಯಕಾಂತಿಯವರಲ್ಲಿ ಏರಿದ ತೂಕದ ಸುಮಾರು ಅರ್ಧ ಪಾಲು ಕೊಬ್ಬಲ್ಲದ ಅಂಗಾಂಶದ್ದಾಗಿತ್ತು. ಚರ್ಮದಡಿಯ ಕೊಬ್ಬಿನಲ್ಲಿ ಶಕ್ತಿ ವ್ಯಯ, ಇನ್ಸುಲಿನ್ ಪ್ರತಿರೋಧ, ಕೊಬ್ಬಿನ ಕೋಶದ ಬೆಳವಣಿಗೆಗೆ ಸಂಬಂಧಿಸಿದ ಜೀನ್‌ಗಳ ವರ್ತನೆ ಎರಡು ಗುಂಪುಗಳಲ್ಲಿ ಬೇರೆ ಬೇರೆಯಾಗಿತ್ತು.

ಇದೇ ಪ್ರಯೋಗದ ಕೊಬ್ಬಿನ ಮಾದರಿಗಳನ್ನು ಲುಂಡ್ ವಿಶ್ವವಿದ್ಯಾಲಯದ ಷಾರ್ಲೊಟ್ ಲಿಂಗ್ ಅವರ ತಂಡ ಮತ್ತೆ ಕೈಗೆತ್ತಿಕೊಂಡಿತು. ಈ ಸಲ ನೋಡಿದ್ದು ಡಿಎನ್‌ಎ ಮಿಥೈಲೀಕರಣವನ್ನು. ಡಿಎನ್‌ಎ ಮೇಲೆ ಅಂಟುವ ಈ ಪುಟ್ಟ ರಾಸಾಯನಿಕ ಗುರುತುಗಳು ಜೀನ್ ಓದಿಕೆಯನ್ನು ದೀರ್ಘಕಾಲ ಪ್ರಭಾವಿಸಬಲ್ಲವು. 2017ರಲ್ಲಿ ಪ್ರಕಟವಾದ ಪ್ರಕಾರ, ಬಹು ಅಪರ್ಯಾಪ್ತ ಕೊಬ್ಬಿನ ಗುಂಪಿನಲ್ಲಿ 1,797 ಜೀನ್‌ಗಳ ಗುರುತುಗಳು ಬದಲಾಗಿದ್ದವು, ಪರ್ಯಾಪ್ತ ಕೊಬ್ಬಿನ ಗುಂಪಿನಲ್ಲಿ 125. ‘ಸೂರ್ಯಕಾಂತಿ ಎಣ್ಣೆಯಿಂದ 1,797 ಜೀನ್‌ಗಳಿಗೆ ಪೆಟ್ಟು’ ಎಂಬ ತಲೆಬರಹ ಯಾರೂ ಬರೆಯಲಿಲ್ಲವೇಕೋ. ಬರೆದಿದ್ದರೆ ಓದುಗರು ಹೌಹಾರುತ್ತಿದ್ದರು. ಅದೇ ವರದಿಯ ಮುಂದಿನ ಸಾಲು ಗಮನಿಸಿ: ಜೀನ್‌ಗಳ ಚಟುವಟಿಕೆ ಅಳೆದಾಗ ಗಮನಾರ್ಹ ಬದಲಾವಣೆ ಕಂಡದ್ದು ಪರ್ಯಾಪ್ತ ಕೊಬ್ಬಿನ ಗುಂಪಿನಲ್ಲಿ ಮಾತ್ರ, ಅದೂ 28 ಆರ್‌ಎನ್‌ಎಗಳಲ್ಲಿ. ಹೆಚ್ಚು ಗುರುತು ಬಿದ್ದ ಗುಂಪಿನಲ್ಲಿ ಓದಿಕೆ ಬದಲಾಗಿರಲಿಲ್ಲ, ಯಕೃತ್ತೂ ಹಸನಾಗಿತ್ತು. ಬದಲಾದ ಜೀನ್‌ಗಳ ಸಂಖ್ಯೆ ಹೇಳಿ ಹೆದರಿಸುವವರಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಏಳು ವಾರ ಎಂಬುದು ಕೊಬ್ಬಿನ ಕೋಶದ ಲೆಕ್ಕದಲ್ಲಿ ಅಲ್ಪಕಾಲ, ಇದು ಸ್ವೀಡನ್ನಿನ ಪ್ರಯೋಗದ ಮಿತಿ. ಮನುಷ್ಯನ ಕೊಬ್ಬಿನ ಕೋಶಗಳಲ್ಲಿ ವರ್ಷಕ್ಕೆ ಶೇ 10ರಷ್ಟು ಮಾತ್ರ ಹೊಸದಾಗುತ್ತವೆ. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಬಿಟ್ಟ ಇಂಗಾಲ-14ರ ಜಾಡು ಹಿಡಿದು ಸ್ವೀಡನ್ನಿನವರೇ 2008ರಲ್ಲಿ ಇದನ್ನು ಲೆಕ್ಕ ಹಾಕಿದರು. ಕೊಬ್ಬಿನಲ್ಲಿ ಕೂತ ಲಿನೋಲಿಯಿಕ್ ಆಮ್ಲದ ಅರ್ಧದಷ್ಟು ಖರ್ಚಾಗಲು ಸುಮಾರು ಎರಡು ವರ್ಷ ಬೇಕು. ಅಮೆರಿಕನ್ನರ ದೇಹದ ಕೊಬ್ಬಿನಲ್ಲಿ ಅದರ ಪಾಲು 1959ರಲ್ಲಿ ಶೇ 9.1 ಇದ್ದದ್ದು 2008ರ ಹೊತ್ತಿಗೆ ಶೇ 21.5ಕ್ಕೆ ಏರಿತ್ತು. ಅರ್ಧ ಶತಮಾನದಲ್ಲಿ ಒಂದು ಇಡೀ ಜನಾಂಗದ ಮೈಕೊಬ್ಬಿನ ರಾಸಾಯನಿಕ ಸ್ವರೂಪ ಬದಲಾದದ್ದು ಸಣ್ಣ ಮಾತಲ್ಲ. ವಿರೋಧಿಗಳ ಆತಂಕಕ್ಕೆ ಇಲ್ಲಿ ನೆಲೆಯಿದೆ ಎಂದು ಒಪ್ಪಲೇಬೇಕು. ಅದೇ ಅವಧಿಯಲ್ಲಿ ಅಲ್ಲಿ ಬೊಜ್ಜು ಏರಿದ್ದೂ ನಿಜ, ಒಟ್ಟು ಊಟದ ಪ್ರಮಾಣ ಏರಿದ್ದೂ ನಿಜ. ಎರಡು ಗೆರೆಗಳು ಜೊತೆಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದನ್ನು ಎಳೆಯಿತು ಎನ್ನಲಾಗದು.

ಜೀನ್ ಮತ್ತು ಎಣ್ಣೆಯ ಸಂಬಂಧ ತಿರುಗುಮುರುಗಾಗಿಯೂ ಇದೆ. ಸಸ್ಯದ ಕೊಬ್ಬಿನಾಮ್ಲವನ್ನು ಅರಾಕಿಡಾನಿಕ್ ಆಮ್ಲ ಮತ್ತು ಡಿಎಚ್‌ಎಗಳತ್ತ ಒಯ್ಯುವ ಎಫ್‌ಎಡಿಎಸ್-2 ಜೀನ್‌ನ ಒಂದು ಚುರುಕಾದ ರೂಪ, ತಲೆಮಾರುಗಳಿಂದ ಸಸ್ಯಾಹಾರ ಉಂಡವರಲ್ಲಿ ಹೆಚ್ಚು. ಕಾರ್ನೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಪುಣೆಯ ಸಸ್ಯಾಹಾರಿಗಳ ಮಾದರಿಯಲ್ಲಿ ಶೇ 68 ಮಂದಿಯಲ್ಲಿ ಇದರ ಎರಡೂ ಪ್ರತಿಗಳನ್ನು ಕಂಡರು. ಅಮೆರಿಕನ್ನರ ಮಾದರಿಯಲ್ಲಿ ಅಂಥವರು ಶೇ 18. ಇಂಥ ದೇಹಕ್ಕೆ ಬೀಜದೆಣ್ಣೆ ಸುರಿದರೆ ಅರಾಕಿಡಾನಿಕ್ ಆಮ್ಲ ಹೆಚ್ಚು ತಯಾರಾಗಬಹುದು ಎಂಬ ಎಚ್ಚರಿಕೆಯನ್ನು ಆ ಸಂಶೋಧಕರೇ ಕೊಟ್ಟಿದ್ದರು. ಪಾಶ್ಚಾತ್ಯರ ರಕ್ತ ನೋಡಿ ಹೇಳಿದ್ದನ್ನು ನಮಗೆ ಇದ್ದ ಹಾಗೇ ಅನ್ವಯಿಸಬಾರದು ಎನ್ನಲು ನನ್ನ ಬಳಿ ಇರುವ ಅತ್ಯುತ್ತಮ ಕಾರಣ ಇದು. ಹಾಗಾಗಿ ನಮ್ಮಲ್ಲಿ ಒಮೆಗಾ-6ರ ಜೊತೆಗೆ ಒಮೆಗಾ-3 ಎಷ್ಟು ಸಿಗುತ್ತಿದೆ ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. ಕರಾವಳಿಯ ತಟ್ಟೆಯಲ್ಲಿ ಬೂತಾಯಿ, ಬಂಗುಡೆ ಇವೆ. ಉತ್ತರ ಕರ್ನಾಟಕದ ರೊಟ್ಟಿಯ ಪಕ್ಕದಲ್ಲಿ ಅಗಸೆ ಚಟ್ನಿಪುಡಿ ಇದೆ, ಅದರ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಫಾ-ಲಿನೋಲೆನಿಕ್ ಆಮ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಊಟದಲ್ಲಿ ಸಾಮಾನ್ಯವಾಗಿ ಎರಡೂ ಇರುವುದಿಲ್ಲ.

ಗಾಣದ ಎಣ್ಣೆಯ ಅಭಿಮಾನಿಗಳಿಗೂ ಒಂದು ಮಾತು. ಗಾಣ ಎಣ್ಣೆಯ ಪರಿಮಳ ಉಳಿಸುತ್ತದೆ, ಇ ಜೀವಸತ್ವವನ್ನೂ ಒಂದಷ್ಟು ಉಳಿಸುತ್ತದೆ. ಕೊಬ್ಬಿನಾಮ್ಲವನ್ನು ಬದಲಿಸುವುದಿಲ್ಲ. ಬೀಜದೆಣ್ಣೆ ವಿಷ ಎನ್ನುತ್ತ ಗಾಣದ ಕುಸುಬೆ ಎಣ್ಣೆ ಕೊಳ್ಳುವವರು, ಮಾಮೂಲಿ ತಳಿಯದಾದರೆ, ಅದರಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲವನ್ನೇ ಮನೆಗೆ ತರುತ್ತಾರೆ. ಸೂರ್ಯಕಾಂತಿಯಲ್ಲಿ ಅದು ಸುಮಾರು ಶೇ 60, ಕಡಲೆಕಾಯಿಯಲ್ಲಿ 30ರ ಆಸುಪಾಸು, ತಾಳೆಯಲ್ಲಿ 10, ತೆಂಗಿನಲ್ಲಿ ಎರಡೇ ಎರಡು. ಕೊಬ್ಬಿನ ಕೋಶಕ್ಕೆ ಗಾಣದ ಎತ್ತು ಕಾಣುವುದಿಲ್ಲ.

ಕಾಣುವ ವ್ಯತ್ಯಾಸವೊಂದಿದೆ, ಅದು ಬಾಣಲೆಯದು. ಪ್ರಯೋಗಾಲಯದಲ್ಲಿ ಕೋಶಗಳಿಗೆ ಉಣಿಸುವುದು ಶುದ್ಧ ಕೊಬ್ಬಿನಾಮ್ಲವನ್ನು. ನಾವು ತಿನ್ನುವುದು ಕಾಯಿಸಿದ ಎಣ್ಣೆಯನ್ನು. ಜೋಡಿಬಂಧಗಳು ಹೆಚ್ಚಿದ್ದಷ್ಟೂ ಕೊಬ್ಬು ಶಾಖಕ್ಕೂ ಗಾಳಿಗೂ ಬೇಗ ಕೆಡುತ್ತದೆ. ಬೆಳಿಗ್ಗೆ ವಡೆ, ಸಂಜೆ ಬೋಂಡ, ಮರುದಿನ ಮತ್ತೆ ಅದೇ ಎಣ್ಣೆಯಾದರೆ, ಬಾಟಲಿಯ ಚೀಟಿಯಲ್ಲಿ ಬರೆದ ಲಿನೋಲಿಯಿಕ್ ಆಮ್ಲದ ಒಂದು ಪಾಲು ಆಲ್ಡಿಹೈಡ್‌ಗಳಾಗಿ, ಅಂಟಂಟು ಪಾಲಿಮರ್‌ಗಳಾಗಿ ಮಾರ್ಪಟ್ಟಿರುತ್ತದೆ. ಕೋಶಕ್ಕೆ ಆಗ ತಲುಪುವ ಸಂದೇಶ ಉಪ್ಸಲಾದ ಮಫಿನ್ ತಲುಪಿಸಿದ ಸಂದೇಶವಲ್ಲ. ಎಣ್ಣೆ ಕೆಡುತ್ತ ಹೋದಂತೆ ಹೆಚ್ಚುವ ‘ಒಟ್ಟು ಧ್ರುವೀಯ ಸಂಯುಕ್ತಗಳು’ ಕರಿದ ಎಣ್ಣೆಯಲ್ಲಿ ಶೇ 25 ದಾಟಿದರೆ ಅದನ್ನು ಬಳಸಕೂಡದು ಎಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಇದನ್ನು ಅಳೆಯಲು ಕೈಯಲ್ಲಿ ಹಿಡಿಯುವ ಪುಟ್ಟ ಉಪಕರಣಗಳಿವೆ, ಎಣ್ಣೆಯಲ್ಲಿ ಅದ್ದಿದರೆ ಅಂಕಿ ಬರುತ್ತದೆ. ಜೀನ್ ಹೆಸರು ಹೇಳಿ ಎಣ್ಣೆ ಮಾರುವವರಲ್ಲೂ ಎಣ್ಣೆ ಬಿಡಿಸುವವರಲ್ಲೂ ಈ ಅಂಕಿಯ ಬಗ್ಗೆ ಮಾತಾಡಿದವರನ್ನು ನಾನು ಕಂಡಿಲ್ಲ.